ವರ್ಚುವಲ್ ಮಷಿನ್ ಮತ್ತು ಬ್ಯಾಕಪ್: ನಮ್ಮ ಕಡೆಯ ಅಂಗಡಿ, ಆಫೀಸು, ಕಾರ್ಖಾನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಗದಗ-ಬೆಟಗೇರಿಯ ಪ್ರೆಸ್‌ಗಳು, ಬ್ಯಾಡಗಿಯ ಮೆಣಸಿನಕಾಯಿ ಪೇಟೆ. ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ನಾನು ತಿರುಗಾಡುವ ಜಾಗಗಳಿವು. ಎಲ್ಲಿ ಹೋದರೂ ಚಹಾ ಬರುವಷ್ಟರಲ್ಲಿ ಅದೇ ಪ್ರಶ್ನೆಗಳು ಶುರುವಾಗುತ್ತವೆ. ಫೋನಿನಲ್ಲಿ, ಪತ್ರದಲ್ಲಿ ಬಂದವನ್ನೂ ಸೇರಿಸಿ, ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಹೊಸಬರು ಮೊದಲಿನಿಂದ ಓದಿ. ಸರ್ವರ್ ಈಗಾಗಲೇ ಕೈಯಲ್ಲಿರುವವರು ಸ್ನ್ಯಾಪ್‌ಶಾಟ್ ಪ್ರಶ್ನೆಯಿಂದ ಶುರು ಮಾಡಿದರೂ ನಡೆಯುತ್ತದೆ.

## ಶುರುವಿನ ಪ್ರಶ್ನೆಗಳು

"ವರ್ಚುವಲ್ ಮಷಿನ್ ಅಂದ್ರ ಏನ್ರಿ? ನಮ್ಮಲ್ಲಿ ಇರೋದು ಒಂದ ಸರ್ವರ್ ಅಲ್ಲೇನು?"

ಡಬ್ಬಿ ಒಂದೇ. ಒಳಗೆ ಸಂಸಾರ ಮೂರು. ವಠಾರದ ಹಾಗೆ ಅಂದುಕೊಳ್ಳಿ. ಗೋಡೆ, ನೀರು, ಕರೆಂಟ್ ಎಲ್ಲರಿಗೂ ಒಂದೇ, ಆದರೆ ಪ್ರತಿ ಮನೆಗೆ ಬೇರೆ ಬಾಗಿಲು, ಬೇರೆ ಬೀಗ. ಆ ಡಬ್ಬಿಯ ಮೇಲೆ ಕೂತು ಜಾಗ ಹಂಚಿಕೊಡುವ ಸಾಫ್ಟ್‌ವೇರ್‌ಗೆ ಹೈಪರ್‌ವೈಸರ್ ಅನ್ನುತ್ತಾರೆ. ಒಳಗಿನ ಒಂದೊಂದು ಮನೆಯೂ ಒಂದೊಂದು ವರ್ಚುವಲ್ ಮಷಿನ್, ಚಿಕ್ಕದಾಗಿ ವಿಎಂ.

ನೆನಪಿಡಬೇಕಾದ ಮಾತು ಬೇರೆಯೇ ಇದೆ. ಒಂದು ವಿಎಂ ಅಂದರೆ ಕೊನೆಗೆ ಡಿಸ್ಕಿನ ಮೇಲಿರುವ ಕೆಲವು ದೊಡ್ಡ ಫೈಲುಗಳು ಅಷ್ಟೆ. ವಿಎಂವೇರ್ ಕಂಪನಿಯ ಹೈಪರ್‌ವೈಸರ್‌ನಲ್ಲಿ ಅದು ವಿಎಂಡಿಕೆ ಫೈಲು, ಮೈಕ್ರೋಸಾಫ್ಟ್‌ನ ಹೈಪರ್-ವಿಯಲ್ಲಿ ವಿಎಚ್‌ಡಿಎಕ್ಸ್. ಫೈಲು ಆಗಿರುವುದರಿಂದಲೇ ನಕಲು ಮಾಡಿ ಬೇರೆ ಸರ್ವರ್‌ನಲ್ಲಿ ಎಬ್ಬಿಸುವುದು ಸುಲಭ. ಹಾಗೇ, ಒಬ್ಬರು ತಪ್ಪಿ ಒಂದು ಫೈಲು ಅಳಿಸಿದರೆ ಇಡೀ ಆಫೀಸಿನ ಲೆಕ್ಕ ಒಂದೇ ಸಲಕ್ಕೆ ಹೋಗುತ್ತದೆ.

"ಹತ್ತು ಜನ ಕೆಲಸ ಮಾಡೋ ಆಫೀಸಿಗೆ ಇದೆಲ್ಲ ಬೇಕಾ?"

ಟ್ಯಾಲಿ ಒಂದೇ ಇದ್ದು, ಮೂರು ಜನ ಬಳಸುತ್ತಿದ್ದರೆ ಬೇಡ. ಒಂದು ಒಳ್ಳೆ ಕಂಪ್ಯೂಟರ್, ಒಂದು ಸರಿಯಾದ ಬ್ಯಾಕಪ್ ಸಾಕು. ಸುಮ್ನೆ ಖರ್ಚು ಮಾಡಬೇಡಿ.

ಆದರೆ ಟ್ಯಾಲಿ, ಫೈಲ್ ಸರ್ವರ್, ಬಯೋಮೆಟ್ರಿಕ್ ಹಾಜರಿ, ಉತ್ಪಾದನೆಯ ಸಾಫ್ಟ್‌ವೇರ್ ಎಲ್ಲವೂ ಒಂದೇ ವಿಂಡೋಸ್‌ನಲ್ಲಿ ತುರುಕಿದ್ದರೆ ಬೇರ್ಪಡಿಸುವುದು ಒಳ್ಳೆಯದು. ಹಾಜರಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಲು ಹೋಗಿ ಟ್ಯಾಲಿ ನಿಲ್ಲುವುದು ಇದರಿಂದ ತಪ್ಪುತ್ತದೆ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಲೈಸೆನ್ಸ್ ಸರಿಯಾಗಿ ಕೊಂಡಿದ್ದರೆ ಅದರ ಜೊತೆಗೇ ಎರಡು ವಿಂಡೋಸ್ ವಿಎಂ ನಡೆಸುವ ಹಕ್ಕು ಬಂದಿರುತ್ತದೆ. ಎಷ್ಟೋ ಜನ ದುಡ್ಡು ಕೊಟ್ಟೂ ಇದನ್ನು ಬಳಸುತ್ತಿಲ್ಲ.

"ವಿಎಂವೇರ್, ಹೈಪರ್-ವಿ, ಪ್ರಾಕ್ಸ್‌ಮಾಕ್ಸ್... ಯಾವುದು ತಗೊಳ್ಳೋಣ?"

ಕೆಲವು ವರ್ಷದ ಹಿಂದೆ ಕೇಳಿದ್ದರೆ ಯೋಚಿಸದೆ ವಿಎಂವೇರ್ ಅನ್ನುತ್ತಿದ್ದೆ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಆ ಕಂಪನಿಯನ್ನು ಕೊಂಡಿತು. ಮುಂದಿನ ತಿಂಗಳೇ ಒಮ್ಮೆ ಕೊಂಡರೆ ಶಾಶ್ವತ ಅನ್ನುವ ಲೈಸೆನ್ಸ್ ಮಾರಾಟ ನಿಂತಿತು. ಈಗ ಚಂದಾ ಕಟ್ಟಬೇಕು. ಅವರ ಹೈಪರ್‌ವೈಸರ್ ಇಎಸ್‌ಎಕ್ಸ್‌ಐನ ಉಚಿತ ಆವೃತ್ತಿ 2024ರಲ್ಲಿ ಹೋಗಿ 2025ರ ಏಪ್ರಿಲ್‌ನಲ್ಲಿ ವಾಪಸ್ ಬಂದಿದೆ. ಆದರೆ ಬ್ಯಾಕಪ್ ಸಾಫ್ಟ್‌ವೇರ್ ಹೊರಗಿನಿಂದ ಬಂದು ವಿಎಂ ನಕಲು ತೆಗೆಯುವ ಬಾಗಿಲು ಆ ಉಚಿತ ಆವೃತ್ತಿಯಲ್ಲಿ ಮುಚ್ಚಿರುತ್ತದೆ. ಬ್ಯಾಕಪ್ ಮಾಡಲಾಗದ ಉಚಿತ ಸರ್ವರ್ ವ್ಯಾಪಾರಕ್ಕೆ ಬೇಡ, ಇದು ನನ್ನ ಖಚಿತ ಅಭಿಪ್ರಾಯ.

ವಿಂಡೋಸ್ ಸರ್ವರ್ ಲೈಸೆನ್ಸ್ ಇದ್ದವರಿಗೆ ಹೈಪರ್-ವಿ. ಅದು ಅದರೊಳಗೇ ಇದೆ. ಲಿನಕ್ಸ್ ಗೊತ್ತಿರುವ ಒಬ್ಬರು ಕೈಗೆ ಸಿಗುವಂತಿದ್ದರೆ ಪ್ರಾಕ್ಸ್‌ಮಾಕ್ಸ್. ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದು, ಲೈಸೆನ್ಸ್ ಖರ್ಚಿಲ್ಲ, ಬೇಕಾದರೆ ಬೆಂಬಲಕ್ಕೆ ದುಡ್ಡು ಕೊಡಬಹುದು. ತಾಂತ್ರಿಕ ಗುಣಗಳ ಪಟ್ಟಿಗಿಂತ "ಸರ್ವರ್ ನಿಂತರೆ ಒಂದು ಗಂಟೆಯಲ್ಲಿ ಯಾರು ಬರುತ್ತಾರೆ, ಅವರಿಗೆ ಯಾವುದು ಗೊತ್ತು?" ಅನ್ನುವುದನ್ನು ಮೊದಲು ಕೇಳಿಕೊಳ್ಳಿ. ಹಾವೇರಿಯಲ್ಲಿ ಕೂತವರಿಗೆ ಇದು ಇನ್ನೂ ಮುಖ್ಯ.

## ದಿನದ ನಿರ್ವಹಣೆ

"64 ಜಿಬಿ ರ‍್ಯಾಮ್ ಹಾಕ್ಸೀವಿ. ಆದ್ರೂ ಎಲ್ಲಾ ನಿಧಾನ ಯಾಕ್ರಿ?"

ಹೆಚ್ಚಿನ ಸಲ ತಪ್ಪು ರ‍್ಯಾಮ್‌ನದ್ದಲ್ಲ, ಡಿಸ್ಕಿನದ್ದು. ತಿರುಗುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ನೂರಿನ್ನೂರು ಸಣ್ಣ ಕೆಲಸ ಮಾಡೀತು. ಎಸ್‌ಎಸ್‌ಡಿ ಸಾವಿರಾರು ಮಾಡುತ್ತದೆ. ನಾಲ್ಕು ವಿಎಂ ಒಂದೇ ಹಳೇ ಡಿಸ್ಕಿನ ಮುಂದೆ ಸಾಲು ನಿಂತರೆ ರ‍್ಯಾಮ್ ಎಷ್ಟಿದ್ದರೂ ಕಾಯಲೇಬೇಕು. ಇನ್ನೊಂದು, "ಇರಲಿ" ಅಂತ ಪ್ರತಿ ವಿಎಂಗೂ ಎಂಟು ಸಿಪಿಯು ಕೊಡುವ ಚಟ. ಎರಡರಿಂದ ಶುರು ಮಾಡಿ, ಸಾಲದಿದ್ದರೆ ಏರಿಸಿ.

"ಸ್ನ್ಯಾಪ್‌ಶಾಟ್ ತಗೊಂಡ ಇಟ್ಟೀನಿ. ಮತ್ತ ಬ್ಯಾಕಪ್ ಯಾಕ ಬೇಕು?"

ಅತಿ ಹೆಚ್ಚು ಬಂದ ಪ್ರಶ್ನೆ ಇದು. ಅತಿ ಹೆಚ್ಚು ನಷ್ಟ ಮಾಡಿದ ತಪ್ಪು ತಿಳಿವಳಿಕೆಯೂ ಇದೇ.

ಸ್ನ್ಯಾಪ್‌ಶಾಟ್ ತೆಗೆದಾಗ ವಿಎಂನ ನಕಲು ತಯಾರಾಗುವುದಿಲ್ಲ. ಆ ಹೊತ್ತಿಗೆ ಇದ್ದ ಡಿಸ್ಕ್ ಫೈಲಿಗೆ ಬೀಗ ಬೀಳುತ್ತದೆ. ಅಲ್ಲಿಂದ ಮುಂದೆ ಬರೆದದ್ದೆಲ್ಲ ಪಕ್ಕದ ಇನ್ನೊಂದು ಫೈಲಿಗೆ ಹೋಗುತ್ತದೆ. ಈಗ ವಿಎಂ ನಡೆಯಲು ಎರಡೂ ಬೇಕು. ಎರಡೂ ಇರುವುದು ಅದೇ ಡಿಸ್ಕಿನ ಮೇಲೆ. ಡಿಸ್ಕ್ ಹೋದರೆ ಎರಡೂ ಹೋಯಿತು. ಜೊತೆಗೆ ಆ ಪಕ್ಕದ ಫೈಲು ದಿನದಿನಕ್ಕೆ ಬೆಳೆಯುತ್ತಲೇ ಇರುತ್ತದೆ.

ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ನಡೆದದ್ದು ಹೇಳುತ್ತೇನೆ. ಸುಗ್ಗಿಯ ಒಂದು ಗುರುವಾರ. ಪೇಟೆಯ ದಿನ, ಅಂಗಳದ ತುಂಬ ಚೀಲ. ಬೆಳಿಗ್ಗೆ ಒಂಬತ್ತೂವರೆಗೆ ಬಿಲ್ಲಿನ ಪರದೆ ಹಾಗೇ ನಿಂತಿತು. ಹೈಪರ್-ವಿ ತೆರೆದು ನೋಡಿದರೆ ಮೂರೂ ವಿಎಂ ಮುಂದೆ 'ಪಾಸ್ಡ್-ಕ್ರಿಟಿಕಲ್' ಅಂತ ಬರೆದಿತ್ತು. ಡಿಸ್ಕಿನಲ್ಲಿ ಉಳಿದ ಜಾಗ ಸೊನ್ನೆ. ಹುಡುಕಿದಾಗ "ಅಪ್‌ಡೇಟ್ ಮುಂಚೆ" ಅನ್ನುವ ಹೆಸರಿನ ಒಂದು ಚೆಕ್‌ಪಾಯಿಂಟ್ ಸಿಕ್ಕಿತು. ಹೈಪರ್-ವಿಯಲ್ಲಿ ಸ್ನ್ಯಾಪ್‌ಶಾಟ್‌ಗೆ ಅದೇ ಹೆಸರು. ಹನ್ನೊಂದು ತಿಂಗಳ ಹಿಂದೆ ತೆಗೆದು ಮರೆತಿದ್ದರು. ಮೂಲ ಡಿಸ್ಕ್ 300 ಜಿಬಿ, ಪಕ್ಕದ ಫೈಲು 240 ಜಿಬಿ ಆಗಿತ್ತು. ಅಳಿಸಬೇಕೆಂದರೂ ಎರಡನ್ನೂ ಬೆರೆಸಬೇಕು, ಬೆರೆಸಲು ಜಾಗ ಬೇಕು. ಬಳಕೆಯಲ್ಲಿಲ್ಲದ ಒಂದು ವಿಎಂ ಅನ್ನು ಯುಎಸ್‌ಬಿ ಡಿಸ್ಕಿಗೆ ಸಾಗಿಸಿ ಜಾಗ ಮಾಡಿದೆವು. ಬೆರೆಸುವುದು ಮುಗಿದಾಗ ಸಂಜೆ ಆರು. ಲೆಕ್ಕದ ಹುಡುಗ ಅಷ್ಟೂ ಹೊತ್ತು ಕಾರ್ಬನ್ ಹಾಳೆ ಇಟ್ಟು ಕೈಯಲ್ಲೇ ಬಿಲ್ ಬರೆದ. ಅವನ ಬೆರಳೆಲ್ಲ ನೀಲಿ.

ವಿಎಂವೇರ್ ತಾನೇ ಕೊಟ್ಟ ಸೂಚನೆ ಇದೆ: ಒಂದು ಸ್ನ್ಯಾಪ್‌ಶಾಟ್ 72 ಗಂಟೆಗಿಂತ ಜಾಸ್ತಿ ಇಡಬೇಡಿ. ಒಂದರ ಮೇಲೊಂದು 32ರ ತನಕ ತೆಗೆಯಲು ಬಿಟ್ಟರೂ ಎರಡು ಮೂರಕ್ಕೆ ನಿಲ್ಲಿಸಿ ಅನ್ನುತ್ತದೆ. ನನ್ನ ಪದ್ಧತಿ ಇನ್ನೂ ಬಿಗಿ. ಅಪ್‌ಡೇಟ್‌ಗೆ ಮುಂಚೆ ತೆಗೆಯಿರಿ, ಮರುದಿನ ಎಲ್ಲ ಸರಿ ಇದ್ದರೆ ಅಳಿಸಿ. ಹೆಸರಿನಲ್ಲೇ ಅಳಿಸುವ ತಾರೀಖು ಬರೆಯಿರಿ. ಫೈಲನ್ನು ಫೋಲ್ಡರ್‌ಗೆ ಹೋಗಿ ಕೈಯಾರೆ ಮಾತ್ರ ಅಳಿಸಬೇಡಿ. ಅಲ್ಲಿಗೆ ಆ ವಿಎಂ ಕಥೆ ಮುಗಿದ ಹಾಗೆ.

"ಕರೆಂಟ್ ಹೋದಾಗ ವಿಎಂಗಳಿಗೆ ಏನಾಗುತ್ತೆ?"

ಒಂದು ಪ್ಲಗ್ ಕಿತ್ತರೆ ನಾಲ್ಕು ಸರ್ವರ್ ಒಟ್ಟಿಗೆ ಬಿದ್ದಂತೆ. ಡೇಟಾಬೇಸ್ ಬರೆಯುತ್ತಿದ್ದಾಗ ಬಿದ್ದರೆ ಕೆಡುವ ಸಾಧ್ಯತೆ ಇದೆ. ಯುಪಿಎಸ್ ಎಲ್ಲರ ಬಳಿಯೂ ಇರುತ್ತದೆ, ಆದರೆ ಅದರಿಂದ ಸರ್ವರ್‌ಗೆ ಹೋಗಬೇಕಾದ ಯುಎಸ್‌ಬಿ ವೈರು ಪೆಟ್ಟಿಗೆಯಲ್ಲೇ ಉಳಿದಿರುತ್ತದೆ. ಆ ವೈರು ಹಾಕಿ, ಬ್ಯಾಟರಿ ಅರ್ಧಕ್ಕೆ ಇಳಿದರೆ ವಿಎಂಗಳು ತಾವೇ ಸರಿಯಾಗಿ ಶಟ್‌ಡೌನ್ ಆಗುವಂತೆ ಹೊಂದಿಸಿ. ಮತ್ತೆ ಏಳುವಾಗ ಡೊಮೇನ್ ಕಂಟ್ರೋಲರ್ (ಆಫೀಸಿನ ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರ್) ಮೊದಲು, ಎರಡು ನಿಮಿಷ ಬಿಟ್ಟು ಡೇಟಾಬೇಸ್, ಆಮೇಲೆ ಉಳಿದವು. ಈ ಸಾಲನ್ನು ಹೈಪರ್‌ವೈಸರ್‌ನಲ್ಲೇ ಹಾಕಿಡಬಹುದು.

ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಸಿಡಿಲಿನ ಕಾಟ ಬೇರೆ. ಅದು ಕರೆಂಟ್ ವೈರಿನಲ್ಲಷ್ಟೇ ಅಲ್ಲ, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎಳೆದ ನೆಟ್‌ವರ್ಕ್ ವೈರಿನಲ್ಲೂ ಬರುತ್ತದೆ. ಕಟ್ಟಡಗಳ ನಡುವೆ ಫೈಬರ್ ಹಾಕಿಸಿ.

## ಬ್ಯಾಕಪ್

"ರೇಡ್ ಇದೆ, ಒಂದು ಡಿಸ್ಕ್ ಹೋದ್ರೂ ಇನ್ನೊಂದಿದೆ. ಸಾಕಲ್ವಾ?"

ಸಾಕಾಗುವುದಿಲ್ಲ. ನೀವು ಹೇಳುವ ರೇಡ್ ಅಂದರೆ ಬರೆದದ್ದನ್ನೆಲ್ಲ ಒಟ್ಟಿಗೇ ಎರಡು ಡಿಸ್ಕಿಗೂ ಹಾಕುವ ಏರ್ಪಾಡು, ಒಂದು ಡಿಸ್ಕ್ ಸತ್ತಾಗ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ. ನೀವು ತಪ್ಪಿ ಅಳಿಸಿದರೆ ಎರಡೂ ಡಿಸ್ಕಿನಿಂದ ಅದೇ ಕ್ಷಣ ಅಳಿಸುತ್ತದೆ.

"ಬ್ಯಾಕಪ್ ವಿಎಂ ಒಳಗಿಂದ ತಗೀಬೇಕೋ, ಹೊರಗಿಂದ ತಗೀಬೇಕೋ?"

ಹೊರಗಿನಿಂದ ತೆಗೆದರೆ ಇಡೀ ವಿಎಂ ಒಂದೇ ಗಂಟಾಗಿ ಸಿಗುತ್ತದೆ. ಸರ್ವರ್ ಸುಟ್ಟರೂ ಇನ್ನೊಂದು ಡಬ್ಬಿಯಲ್ಲಿ ಎಬ್ಬಿಸಬಹುದು. ಮೊದಲ ಸಲ ಪೂರ್ತಿ ನಕಲು, ಆಮೇಲೆ ಬದಲಾದ ಭಾಗ ಮಾತ್ರ. ಯಾವ ಭಾಗ ಬದಲಾಯಿತು ಅನ್ನುವ ಲೆಕ್ಕವನ್ನು ಹೈಪರ್‌ವೈಸರ್ ಇಟ್ಟುಕೊಳ್ಳುತ್ತದೆ. ಹಾಗಾಗಿ 500 ಜಿಬಿಯ ವಿಎಂ ಆದರೂ ದಿನದ ಬ್ಯಾಕಪ್ ಕೆಲವು ಜಿಬಿಯಲ್ಲಿ ಮುಗಿಯುತ್ತದೆ.

ಆದರೆ ಒಂದು ತೊಡಕಿದೆ. ನಡೆಯುತ್ತಿರುವ ಡೇಟಾಬೇಸ್‌ನ ನಕಲನ್ನು ಹೊರಗಿನಿಂದ ಹಾಗೇ ತೆಗೆದರೆ, ಪ್ಲಗ್ ಕಿತ್ತಾಗ ಡಿಸ್ಕ್ ಹೇಗಿರುತ್ತಿತ್ತೋ ಹಾಗಿರುತ್ತದೆ. ಅದಕ್ಕೇ ವಿಂಡೋಸ್‌ನಲ್ಲಿ ವಿಎಸ್‌ಎಸ್ ಅನ್ನುವ ಏರ್ಪಾಡಿದೆ. ಅದು ಎಸ್‌ಕ್ಯುಎಲ್ ಸರ್ವರ್‌ನಂಥ ಡೇಟಾಬೇಸ್‌ಗೆ "ಒಂದು ಕ್ಷಣ ನಿಲ್ಲು, ಕೈಯಲ್ಲಿರುವುದನ್ನು ಬರೆದುಬಿಡು" ಅಂತ ಹೇಳಿ ಆಮೇಲೆ ನಕಲು ತೆಗೆಯಲು ಬಿಡುತ್ತದೆ. ಇದು ನಡೆಯಬೇಕೆಂದರೆ ವಿಎಂ ಒಳಗೆ ಹೈಪರ್‌ವೈಸರ್‌ನ ಸಹಾಯಕ ಸಾಫ್ಟ್‌ವೇರ್ ಇರಲೇಬೇಕು. ವಿಎಂವೇರ್‌ನಲ್ಲಿ ವಿಎಂವೇರ್ ಟೂಲ್ಸ್, ಪ್ರಾಕ್ಸ್‌ಮಾಕ್ಸ್‌ನಲ್ಲಿ ಕ್ಯುಇಎಂಯು ಗೆಸ್ಟ್ ಏಜೆಂಟ್. ಪ್ರಾಕ್ಸ್‌ಮಾಕ್ಸ್‌ನಲ್ಲಿ ಏಜೆಂಟ್ ಹಾಕಿದರೆ ಸಾಲದು, ವಿಎಂನ ಆಯ್ಕೆಗಳಲ್ಲೂ ಅದನ್ನು ಚಾಲೂ ಮಾಡಬೇಕು. ಇದನ್ನು ಮರೆತವರೇ ಜಾಸ್ತಿ.

ಟ್ಯಾಲಿಗೆ ನನ್ನ ಸಲಹೆ ಬೇರೆ. ರಾತ್ರಿ ಎಲ್ಲರೂ ಹೊರಬಂದ ಮೇಲೆ ಅದರದೇ ಬ್ಯಾಕಪ್ ಆಯ್ಕೆಯಿಂದ ಒಂದು ಪ್ರತಿ, ಆಮೇಲೆ ಹೊರಗಿನಿಂದ ಇಡೀ ವಿಎಂ. ಒಂದು ಕಂಪನಿಯ ಲೆಕ್ಕ ಮಾತ್ರ ಕೆಟ್ಟಾಗ ಆ ಸಣ್ಣ ಪ್ರತಿ ಐದು ನಿಮಿಷದಲ್ಲಿ ಕೈ ಹಿಡಿಯುತ್ತದೆ.

"ಎಷ್ಟು ಪ್ರತಿ ಇಡಬೇಕು, ಎಲ್ಲೆಲ್ಲಿ?"

ಛಾಯಾಗ್ರಾಹಕ ಪೀಟರ್ ಕ್ರೋಗ್ ತಮ್ಮ ಫೋಟೊಗಳನ್ನು ಕಾಪಾಡಲು ಜನಪ್ರಿಯಗೊಳಿಸಿದ 3-2-1 ಲೆಕ್ಕ ಇವತ್ತಿಗೂ ಸರಿ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ.

ನಮ್ಮ ಕಡೆ ಇದನ್ನು ಮಾಡುವುದು ಕಷ್ಟವಲ್ಲ. ಹುಬ್ಬಳ್ಳಿ ಆಫೀಸಿನ ಸರ್ವರ್‌ನಲ್ಲಿ ಮೊದಲ ಪ್ರತಿ. ಅದೇ ಕಟ್ಟಡದ ಬೇರೆ ಕೋಣೆಯ ಬ್ಯಾಕಪ್ ಡಬ್ಬಿಯಲ್ಲಿ ಎರಡನೇದು. ಧಾರವಾಡದಲ್ಲಿರುವ ಮಾಲಕರ ಮನೆಯ ಕಪಾಟಿನ ಯುಎಸ್‌ಬಿ ಡಿಸ್ಕಿನಲ್ಲಿ ಮೂರನೇದು. ನಡುವೆ 20 ಕಿಲೋಮೀಟರ್. ಇಂಥ ಎರಡು ಯುಎಸ್‌ಬಿ ಡಿಸ್ಕ್ ಇಟ್ಟುಕೊಂಡು ವಾರಕ್ಕೊಮ್ಮೆ ಅದಲು ಬದಲು ಮಾಡಿ. ಒಂದು ಮನೆಯಲ್ಲಿ, ಒಂದು ಆಫೀಸಿನಲ್ಲಿ. ಎನ್‌ಕ್ರಿಪ್ಟ್ ಮಾಡದೆ (ಅಂದರೆ ಕೀ ಇಲ್ಲದವರು ಓದಲಾಗದಂತೆ ಮಾಡದೆ) ಮಾತ್ರ ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಬೇಡಿ.

"ಎಷ್ಟು ದಿನದ್ದು ಇಟ್ಕೊಳ್ಳಬೇಕು? ಕಾನೂನು ಏನಾದ್ರೂ ಇದೆಯಾ?"

ಕಂಪನಿ ಕಾಯಿದೆಯಡಿ ನೋಂದಾಯಿಸಿದ ಸಂಸ್ಥೆಗೆ ಇದೆ. ಲೆಕ್ಕಪತ್ರ ಕಂಪ್ಯೂಟರ್‌ನಲ್ಲಿದ್ದರೆ ಅದರ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನ ಇರಬೇಕು. ಮೊದಲು ನಿಯಮದಲ್ಲಿ ಆಗಾಗ ಅಂತಿದ್ದದ್ದನ್ನು 2022ರ ಆಗಸ್ಟ್‌ನಲ್ಲಿ ಪ್ರತಿದಿನ ಅಂತ ಮಾಡಿದರು. ಕಂಪನಿಯ ಲೆಕ್ಕಪತ್ರ 8 ವರ್ಷ ಇಡಬೇಕು. ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು. ನಿಮ್ಮ ಸಿಎ ಹತ್ತಿರ ಒಮ್ಮೆ ಮಾತಾಡಿ.

ಅಂದರೆ ದಿನದ ಬ್ಯಾಕಪ್‌ಗಳನ್ನೆಲ್ಲ 8 ವರ್ಷ ಇಡಬೇಕು ಅಂತಲ್ಲ. ನಾನು ಹಾಕುವುದು ದಿನದ್ದು 14, ವಾರದ್ದು 8, ತಿಂಗಳದ್ದು 12, ಮಾರ್ಚ್ 31ರದ್ದು ಬೇರೆ ತೆಗೆದಿಟ್ಟು ಅಷ್ಟೂ ವರ್ಷ. ದಿನದ್ದು ಏಳೇ ಇಟ್ಟರೆ, ಎರಡು ವಾರದ ಹಿಂದೆ ಕೆಟ್ಟ ಫೈಲು ಇವತ್ತು ಗಮನಕ್ಕೆ ಬಂದಾಗ ಕೈಯಲ್ಲಿ ಒಳ್ಳೆ ಪ್ರತಿ ಇರುವುದೇ ಅನುಮಾನ.

"ಎಲ್ಲಾ ಕ್ಲೌಡಿಗೆ ಹಾಕಿಬಿಟ್ರ ಮುಗೀತಲ್ರಿ?"

ಲೆಕ್ಕ ಹಾಕೋಣ. 500 ಜಿಬಿ ವಿಎಂ, ನಿಮ್ಮ ಅಪ್‌ಲೋಡ್ ವೇಗ 20 ಎಂಬಿಪಿಎಸ್. ಒಂದು ನಿಮಿಷವೂ ನಿಲ್ಲದೆ ಹೋದರೆ 55 ಗಂಟೆ. ದಿನದ ಬದಲಾವಣೆ 5 ಜಿಬಿ ಆದರೆ ಅರ್ಧ ಗಂಟೆ ಚಿಲ್ಲರೆ, ಅದು ಆರಾಮಾಗಿ ನಡೆಯುತ್ತದೆ. ಕಷ್ಟ ಇರುವುದು ವಾಪಸ್ ತರುವಾಗ. 100 ಎಂಬಿಪಿಎಸ್ ಲೈನಿನಲ್ಲೂ 500 ಜಿಬಿ ಇಳಿಸಲು 11 ಗಂಟೆ ಬೇಕು. ಆಫೀಸಿನಲ್ಲೇ ಗಿಗಾಬಿಟ್ ವೈರಿನಲ್ಲಿ ಇರುವ ಬ್ಯಾಕಪ್ ಡಬ್ಬಿಯಿಂದ ಒಂದೂವರೆ ಗಂಟೆಯ ಆಸುಪಾಸು. ಅದಕ್ಕೇ ಕ್ಲೌಡ್ ಮೂರನೇ ಪ್ರತಿಗೆ ಒಳ್ಳೆಯದು, ಒಂದೇ ಪ್ರತಿಗೆ ಅಲ್ಲ.

"ದುಡ್ಡು ಕೊಡದೆ ಆಗುತ್ತಾ?"

ಸಣ್ಣ ಆಫೀಸಿಗೆ ಆಗುತ್ತದೆ. ವೀಮ್ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್‌ನ ಕಮ್ಯುನಿಟಿ ಆವೃತ್ತಿ 10 ಮಷಿನ್‌ವರೆಗೆ ಉಚಿತ. ಪ್ರಾಕ್ಸ್‌ಮಾಕ್ಸ್ ಬಳಸುವವರಿಗೆ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಇದೆ. ಒಂದೇ ತರದ ಡೇಟಾವನ್ನು ಒಮ್ಮೆ ಮಾತ್ರ ಇಟ್ಟು ಜಾಗ ಉಳಿಸುತ್ತದೆ. ಉಳಿದ ದುಡ್ಡನ್ನು ಒಳ್ಳೆ ಡಿಸ್ಕಿಗೆ ಹಾಕಿ.

## ಆಳಕ್ಕಿಳಿದರೆ

"ರ‍್ಯಾನ್ಸಮ್‌ವೇರ್ ಬಂದ್ರೆ ಬ್ಯಾಕಪ್ಪೂ ಹೋಗುತ್ತಂತೆ. ಹೌದಾ?"

ಹೌದು. ರ‍್ಯಾನ್ಸಮ್‌ವೇರ್ ಅಂದರೆ ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳುವ ದಾಳಿ. ಒಳಗೆ ಬಂದವರು ಮೊದಲು ಹುಡುಕುವುದೇ ಬ್ಯಾಕಪ್ ಎಲ್ಲಿದೆ ಅಂತ. ಅದನ್ನು ಅಳಿಸಿದ ಮೇಲೇ ಉಳಿದದ್ದಕ್ಕೆ ಬೀಗ ಹಾಕುತ್ತಾರೆ. ವಿಎಂ ಇರುವ ಕಡೆ ಅವರ ಕೆಲಸ ಇನ್ನೂ ಸುಲಭ, ಹೈಪರ್‌ವೈಸರ್ ಒಂದು ಸಿಕ್ಕರೆ ಎಲ್ಲ ಸರ್ವರ್ ಸಿಕ್ಕಂತೆ. 2023ರ ಫೆಬ್ರವರಿಯಲ್ಲಿ ಇಎಸ್‌ಎಕ್ಸ್‌ಐ ಆರ್ಗ್ಸ್ ಹೆಸರಿನ ದಾಳಿ ಜಗತ್ತಿನ ಸಾವಿರಾರು ಸರ್ವರ್‌ಗಳನ್ನು ಹೀಗೇ ಹಿಡಿಯಿತು. ದುರಸ್ತಿ 2021ರಲ್ಲೇ ಬಂದಿದ್ದ ದೋಷವನ್ನು ಅದು ಬಳಸಿತ್ತು ಅನ್ನುತ್ತಾರೆ. ಅಪ್‌ಡೇಟ್ ಹಾಕದೆ, ಇಂಟರ್‌ನೆಟ್‌ಗೆ ತೆರೆದಿಟ್ಟ ಸರ್ವರ್‌ಗಳೇ ಸಿಕ್ಕಿಬಿದ್ದವು.

ನಮ್ಮ ಕಡೆ ನಾನು ಪದೇ ಪದೇ ನೋಡುವ ದೃಶ್ಯ ಒಂದಿದೆ. ಬ್ಯಾಕಪ್ ಎನ್‌ಎಎಸ್ ಡಬ್ಬಿಗೆ (ನೆಟ್‌ವರ್ಕ್‌ಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆಗೆ) ಹೋಗುತ್ತದೆ, ಸರಿ. ಆದರೆ ಆ ಡಬ್ಬಿ ಸರ್ವರ್‌ನಲ್ಲಿ 'ಜಡ್ ಡ್ರೈವ್' ಆಗಿ ಸದಾ ತೆರೆದಿರುತ್ತದೆ. ಪಾಸ್‌ವರ್ಡ್ ಕೂಡ ಸರ್ವರ್‌ನದ್ದೇ. ಕಳ್ಳನಿಗೆ ತಿಜೋರಿಯ ಬೀಗದ ಕೈ ಬಾಗಿಲಲ್ಲೇ ಸಿಕ್ಕಂತಾಯಿತು.

ಮಾಡಬೇಕಾದದ್ದು ಇಷ್ಟು. ಬ್ಯಾಕಪ್ ಸರ್ವರ್ ಅನ್ನು ಡೊಮೇನ್‌ಗೆ ಸೇರಿಸಬೇಡಿ. ಅದಕ್ಕೆ ಬೇರೆ ಪಾಸ್‌ವರ್ಡ್, ಎರಡನೇ ಹಂತದ ಪರಿಶೀಲನೆ ಇರಲಿ. ಸಾಧ್ಯವಿದ್ದರೆ, ಇಷ್ಟು ದಿನ ಯಾರೂ ಅಳಿಸಲಾಗದಂತೆ ಬೀಗ ಹಾಕುವ ಸೌಲಭ್ಯ ಇರುವ ಜಾಗದಲ್ಲಿ ಒಂದು ಪ್ರತಿ ಇಡಿ. ಅದಾಗದಿದ್ದರೆ ಧಾರವಾಡದ ಕಪಾಟಿನ ಆ ಡಿಸ್ಕೇ ನಿಮ್ಮನ್ನು ಕಾಯುತ್ತದೆ. ವೈರು ಕಿತ್ತಿಟ್ಟ ಡಿಸ್ಕನ್ನು ಯಾವ ವೈರಸ್ಸೂ ಮುಟ್ಟುವುದಿಲ್ಲ.

ದಾಳಿ ಆದರೆ ಮೊದಲು ನೆಟ್‌ವರ್ಕ್ ವೈರು ಕೀಳಿ. ಗಾಬರಿಯಲ್ಲಿ ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ. 2022ರ ಏಪ್ರಿಲ್ 28ರ ಆದೇಶದ ಪ್ರಕಾರ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು.

"ಡೊಮೇನ್ ಕಂಟ್ರೋಲರ್ ವಿಎಂ ಕೆಟ್ಟಿದೆ. ಹಳೇ ಸ್ನ್ಯಾಪ್‌ಶಾಟಿಗೆ ಹಿಂದಕ್ಕೆ ಹೋಗಬಹುದಾ?"

ಎರಡು ಕಂಟ್ರೋಲರ್ ಇದ್ದರೆ ಹೋಗಬೇಡಿ. ಒಂದು ಹಿಂದಕ್ಕೆ ಹೋದರೆ ಇಬ್ಬರ ಲೆಕ್ಕದ ಕ್ರಮಸಂಖ್ಯೆ ತಾಳೆಯಾಗುವುದಿಲ್ಲ, ಒಬ್ಬರ ಬದಲಾವಣೆ ಇನ್ನೊಬ್ಬರಿಗೆ ತಲುಪುವುದು ಸದ್ದಿಲ್ಲದೆ ನಿಲ್ಲುತ್ತದೆ. ವಿಂಡೋಸ್ ಸರ್ವರ್ 2012ರಿಂದ ಇದನ್ನು ಗುರುತಿಸುವ ರಕ್ಷಣೆ ಬಂದಿದೆ. ಹೈಪರ್‌ವೈಸರ್‌ಗೂ ಅದು ಗೊತ್ತಿರಬೇಕು. ಕೆಟ್ಟದ್ದನ್ನು ತೆಗೆದುಹಾಕಿ ಹೊಸ ವಿಎಂ ಕಟ್ಟಿ, ಉಳಿದದ್ದರಿಂದ ಮಾಹಿತಿ ತುಂಬಿಕೊಳ್ಳಲು ಬಿಡುವುದು ಎಷ್ಟೋ ಸಲೀಸು. ಸಾಮಾನ್ಯ ಹೊಂದಾಣಿಕೆಯಲ್ಲಿ 180 ದಿನಕ್ಕಿಂತ ಹಳೆಯ ಬ್ಯಾಕಪ್ ಡೊಮೇನ್ ಕಂಟ್ರೋಲರ್‌ಗೆ ಕೆಲಸಕ್ಕೆ ಬರುವುದಿಲ್ಲ, ಇದೂ ನೆನಪಿರಲಿ.

"ದಿನಾ ಹಸಿರು ಟಿಕ್ ಬರುತ್ತೆ. ಇನ್ನೇನು ನೋಡಬೇಕು?"

ವಾಪಸ್ ತಂದು ನೋಡಬೇಕು. ನಾನು ಎಲ್ಲರ ಹತ್ತಿರ ಹಟ ಹಿಡಿದು ಮಾಡಿಸುವ ಕೆಲಸ ಇದೊಂದೇ.

ಗದಗಿನ ಒಂದು ಪ್ರೆಸ್ಸಿನಲ್ಲಿ ಒಂದೂವರೆ ವರ್ಷ ಹಸಿರು ಟಿಕ್ ಬಂದಿತ್ತು. ಶನಿವಾರ ಸಂಜೆ ಯಂತ್ರಗಳ ಸದ್ದು ನಿಂತ ಮೇಲೆ ವಿಎಂ ಅನ್ನು ಬ್ಯಾಕಪ್‌ನಿಂದ ಎಬ್ಬಿಸಿದೆವು. ವಿಂಡೋಸ್ ಬಂತು. ಲಾಗಿನ್ ಆಯಿತು. ಟ್ಯಾಲಿ ತೆರೆಯಿತು. ಕಂಪನಿಗಳ ಪಟ್ಟಿ ಮಾತ್ರ ಖಾಲಿ. ಡಿ ಡ್ರೈವೇ ಇರಲಿಲ್ಲ. ಜಾಗ ಸಾಲದೆ ಆಮೇಲೆ ಸೇರಿಸಿದ ಎರಡನೇ ಡಿಸ್ಕನ್ನು ಬ್ಯಾಕಪ್ ಕೆಲಸಕ್ಕೆ ಯಾರೂ ಸೇರಿಸಿರಲಿಲ್ಲ. ಒಪ್ಪಿಸಿದ್ದನ್ನು ಸಾಫ್ಟ್‌ವೇರ್ ಸರಿಯಾಗೇ ಮಾಡಿತ್ತು. ಮಾಲಕರು ಆ ಖಾಲಿ ಪಟ್ಟಿಯನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದರು. ಅಸಲಿ ಸರ್ವರ್ ಪಕ್ಕದ ಕೋಣೆಯಲ್ಲಿ ಗಟ್ಟಿಯಾಗಿತ್ತು, ಅದೇ ಪುಣ್ಯ.

ಮೂರು ತಿಂಗಳಿಗೊಮ್ಮೆ ಮಾಡಿ. ಎಬ್ಬಿಸುವ ವಿಎಂಗೆ ನೆಟ್‌ವರ್ಕ್ ಕೊಡಬೇಡಿ, ಇಲ್ಲದಿದ್ದರೆ ಒಂದೇ ಹೆಸರಿನ ಇಬ್ಬರು ಜಗಳಕ್ಕೆ ಬೀಳುತ್ತಾರೆ. ಪರೀಕ್ಷೆಯನ್ನು ಲೆಕ್ಕ ಬರೆಯುವವರಿಂದಲೇ ಮಾಡಿಸಿ. ನಿನ್ನೆಯ ಕೊನೆಯ ಬಿಲ್ ನಂಬರ್ ಎಷ್ಟು ಅಂತ ಅವರಿಗೆ ಗೊತ್ತಿರುತ್ತದೆ, ನಮಗಲ್ಲ. ಶುರುವಾದ ಹೊತ್ತು, ಮುಗಿದ ಹೊತ್ತು ಒಂದು ವಹಿಯಲ್ಲಿ ಬರೆದಿಡಿ. "ಸರ್ವರ್ ಹೋದರೆ ಎಷ್ಟು ಹೊತ್ತಿಗೆ ವಾಪಸ್?" ಅಂತ ಮಾಲಕರು ಕೇಳಿದಾಗ ಆ ವಹಿ ತೋರಿಸಬಹುದು.

"ಸರ್ವರ್ ನೋಡ್ಕೊಳ್ತಿದ್ದ ಹುಡುಗ ಬೆಂಗಳೂರಿಗೆ ಹೋದ. ಬ್ಯಾಕಪ್ ಐತಿ, ಪಾಸ್‌ವರ್ಡ್ ಇಲ್ಲ. ಏನ್ ಮಾಡೋದ್ರಿ?"

ಮೊದಲು ಆ ಹುಡುಗನಿಗೆ ಫೋನ್ ಮಾಡಿ, ಸಮಾಧಾನದಿಂದ ಮಾತಾಡಿ. ಹೈಪರ್‌ವೈಸರ್‌ನ ಪಾಸ್‌ವರ್ಡ್ ಮರೆತರೆ ಬದಲಿಸುವ ದಾರಿಗಳಿವೆ. ಎನ್‌ಕ್ರಿಪ್ಟ್ ಮಾಡಿದ ಬ್ಯಾಕಪ್‌ನ ಕೀ ಹೋದರೆ ದಾರಿ ಇಲ್ಲ. ಅದು ಹಾಗೆಯೇ ಕಟ್ಟಿದ್ದು. ಆಗ ಮಾಡಬಹುದಾದದ್ದು, ಸರ್ವರ್ ಇನ್ನೂ ನಡೆಯುತ್ತಿರುವಾಗಲೇ ಹೊಸ ಕೀ ಹಾಕಿ ಇವತ್ತೇ ಹೊಸ ಪೂರ್ತಿ ಬ್ಯಾಕಪ್ ಶುರು ಮಾಡುವುದು.

ಆಮೇಲೆ ಒಂದು ಹಾಳೆ ತಯಾರಿಸಿ. ಯಾವ ಡಬ್ಬಿಯಲ್ಲಿ ಯಾವ ವಿಎಂ, ಬ್ಯಾಕಪ್ ಎಲ್ಲಿದೆ, ಎಬ್ಬಿಸುವ ಕ್ರಮ, ಪಾಸ್‌ವರ್ಡ್, ಎನ್‌ಕ್ರಿಪ್ಶನ್ ಕೀ. ಕೈಯಲ್ಲೇ ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ತಿಜೋರಿಯಲ್ಲಿ ಇಡಿ. ಇನ್ನೊಂದು ಪ್ರತಿ ಮನೆಯಲ್ಲಿ. ಪಾಸ್‌ವರ್ಡ್ ಬದಲಾದಾಗ ಹಾಳೆಯೂ ಬದಲಾಗಬೇಕು. ಹುಬ್ಬಳ್ಳಿಯ ಒಂದು ಅಂಗಡಿಯವರು ಇದಕ್ಕೆ ದಿನ ಗೊತ್ತು ಮಾಡಿಕೊಂಡಿದ್ದಾರೆ. ದೀಪಾವಳಿಯಲ್ಲಿ ಹೊಸ ಖಾತೆ ಪುಸ್ತಕದ ಪೂಜೆ ಮಾಡುತ್ತಾರಲ್ಲ, ಅವತ್ತು ತಿಜೋರಿ ಹೇಗೂ ತೆರೆಯುತ್ತದೆ. ಹಳೇ ಲಕೋಟೆ ಹರಿದು, ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡಿ, ಹೊಸ ಹಾಳೆ ಬರೆದು, ಮೇಲೆ ಕುಂಕುಮ ಹಚ್ಚಿ ಒಳಗಿಡುತ್ತಾರೆ.